ಭೀಮೆಯ ಬಣ್ಣ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಕರ್ನಾಟಕ ಮುಗಿದು ಮಹಾರಾಷ್ಟ್ರ ಮೊದಲಾಗುವ ಅಂಚಿಗೆ, ಭೀಮಾನದಿಯ ಸೀಮೆಯಲ್ಲಿ ಅಗರಖೇಡವಿದೆ. ಅದು ನನ್ನ ತಾಯಿಯ ತವರೂರು. ಚಿಕ್ಕಂದಿನಲ್ಲಿ ಬೇಸಿಗೆಯ ಸೂಟಿ ಬಂದೊಡನೆ ಅಲ್ಲಿಗೆ ಓಡುತ್ತಿದ್ದ ನಾವು, ಸಂಸಾರ, ನೌಕರಿಗಳ ಗದ್ದಲದಲ್ಲಿ ಆ ದಾರಿಯನ್ನು ಮರೆತವರಂತೆಯೇ ಆಗಿದ್ದೆವು. ಈಚಿನ ಎಳ್ಳಮಾವಾಸ್ಯೆಗೆ ಸೋದರಮಾವನವರು ತಾವಾಗಿ ಕರೆ ಕಳುಹಿಸಿದರು. ಧಾರವಾಡದಿಂದ ವಿಜಯಪುರ, ಅಲ್ಲಿಂದ ಇಂಡಿ, ಇಂಡಿಯಿಂದ ಮತ್ತೊಂದು ಬಸ್ಸು. ಕೊನೆಯ ಹಾದಿಯುದ್ದಕ್ಕೂ ಎರಡೂ ಬದಿಗೆ ಎರೆಭೂಮಿ, ಎದೆಮಟ್ಟ ಬೆಳೆದ ಬಿಳಿಜೋಳ, ನಡುನಡುವೆ ನಿಂಬೆಯ ತೋಟಗಳು, ಕಬ್ಬಿನ ಪಡಗಳು. ಗುಡ್ಡವೆಂಬುದು ಕಣ್ಣು ಹಾಯಿಸಿದಷ್ಟು ದೂರಕ್ಕೂ ಇಲ್ಲ. ನೆಲ ಎಲ್ಲಿಯೋ ಒಂದು ಕಡೆ ಮೆಲ್ಲನೆ ಏರಿ ಮತ್ತೊಂದು ಕಡೆ ಮೆಲ್ಲನೆ ಇಳಿಯುತ್ತದೆ, ಅಷ್ಟೆ.

ಇಂಥ ಊರಿನಲ್ಲಿದ್ದುಕೊಂಡು ನಮ್ಮ ಮಾವನವರು ನಲವತ್ತು ವರುಷಗಳಿಂದ ಹಿಮದ ಗುಡ್ಡಗಳನ್ನು ಬರೆಯುತ್ತಿದ್ದಾರೆ.

ಅವರು ಡ್ರಾಯಿಂಗ್ ಮಾಸ್ತರರಾಗಿದ್ದವರು. ಟಿ.ಪಿ. ಅಕ್ಕಿಯವರು ಗದುಗಿನಲ್ಲಿ ಕಟ್ಟಿ ಬೆಳೆಸಿದ ವಿಜಯ ಕಲಾಮಂದಿರದಲ್ಲಿ ಕಲಿತು, ಹಲವು ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳಿಗೆ ಹೂಜಿ, ಬಾಳೆಹಣ್ಣು, ಗುಲಾಬಿ ಹೂಗಳನ್ನು ತಿದ್ದಿಸಿ ನಿವೃತ್ತರಾದರು. ಸಂಬಳದ ಜೊತೆಗೆ ಮನೆಯ ಖರ್ಚಿಗೆ ಆಧಾರವಾದದ್ದು ಅವರ ತೈಲಚಿತ್ರಗಳು. ಮದುವೆಗೆ ಉಡುಗೊರೆ ಕೊಡುವವರು, ಹೊಸ ಅಂಗಡಿ ತೆರೆಯುವವರು, ಮನೆಶಾಂತಿ ಮಾಡುವವರು ಎಲ್ಲರೂ ಬಂದು ಒಂದೇ ಮಾತು ಹೇಳುತ್ತಿದ್ದರಂತೆ: ‘ಮಾಸ್ತರ, ಒಂದು ಸೀನರಿ ಬರದು ಕೊಡ್ರಿ.’ ಸೀನರಿ ಎಂದರೆ ಹಿಂದೆ ಬೆಳ್ಳಗೆ ಹೊಳೆಯುವ ಶಿಖರಗಳು, ಮುಂದೆ ನೀಲಿಯ ಹೊಳೆ, ಹೊಳೆಯ ಮೇಲೊಂದು ಕಟ್ಟಿಗೆಯ ಸೇತುವೆ, ಕೆಂಪು ಹೆಂಚಿನ ಪುಟ್ಟ ಮನೆ, ಅದರ ಹೊಗೆಗೂಡಿನಿಂದ ಸುರುಳಿಯಾಗಿ ಏಳುವ ಹೊಗೆ. ಓದುಗರಲ್ಲಿ ಹಲವರ ಮನೆಯ ಗೋಡೆಯ ಮೇಲೂ ಇಂಥದೊಂದು ಇದ್ದೀತು. ನಮ್ಮ ಸೀಮೆಯ ಎಷ್ಟೋ ಪಡಸಾಲೆಗಳಲ್ಲಿ, ಬಸವಣ್ಣನವರ ಭಾವಚಿತ್ರದ ಒಂದು ಮಗ್ಗುಲಿಗೆ ಇಂಥ ಪರದೇಶದ ಹೊಳೆಯೊಂದು ಹರಿಯುತ್ತಲೇ ಇರುತ್ತದೆ. ಅದನ್ನು ಬರೆದವರಾಗಲಿ, ಕೊಂಡವರಾಗಲಿ ಆ ನಾಡನ್ನು ಕಂಡವರಲ್ಲ. ಮಾವನವರು ಕಂಡ ಗುಡ್ಡವೆಂದರೆ ಯುಗಾದಿಗೆ ಪಾದಯಾತ್ರೆ ಹೋದಾಗಿನ ಶ್ರೀಶೈಲದ ಗುಡ್ಡವೊಂದೇ. ಅದನ್ನಾದರೂ ಬರೆದರೋ ಎಂದರೆ ಅದೂ ಇಲ್ಲ.

ಸಂಜೆ ಚಹಾ ಕುಡಿಯುತ್ತ ನಾನು ಕೇಳಿದೆ: “ಮಾಮಾ, ಇಷ್ಟು ಹೊಳಿ ಬರದೀರಿ. ನಮ್ಮ ಭೀಮಾ ಹೊಳಿ ಯಾಕ ಬರಿಲಿಲ್ಲ?”

ಅವರು ನಕ್ಕರು. “ಅದರಾಗ ಬಣ್ಣ ಎಲ್ಲಿ ಐತಿ ತಂಗಿ? ಮಳಿಗಾಲದಾಗ ರಾಡಿ, ಬ್ಯಾಸಿಗ್ಯಾಗ ಉಸುಕು. ರಾಡಿ ಬರದರ ಯಾರು ರೊಕ್ಕಾ ಕೊಡತಾರ?”

ಆ ಮಾತು ಅಲ್ಲಿಗೆ ನಿಂತಿತು. ಆದರೆ ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಸಪ್ಪಳ ಆ ಕ್ಷಣಕ್ಕೆ ತುಸು ತಡೆದು ಮತ್ತೆ ಮೊದಲಾದದ್ದು ನನ್ನ ಲಕ್ಷ್ಯಕ್ಕೆ ಬಂತು. ಅದರ ಕಾರಣ ಮರುದಿನ ತಿಳಿಯಿತು.

ತೈಲವರ್ಣದ ಬಗ್ಗೆ ಇಲ್ಲಿ ಒಂದೆರಡು ಮಾತು ಹೇಳಬೇಕು. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದರೆ ತೈಲವರ್ಣ. ಆದರೆ ಎಲ್ಲ ಎಣ್ಣೆಯೂ ಇದಕ್ಕೆ ಒದಗದು. ಶೇಂಗಾ ಎಣ್ಣೆಯಲ್ಲಿ ಅರೆದರೆ ವರುಷವಾದರೂ ಜಿಡ್ಡು ಜಿಡ್ಡಾಗಿಯೇ ಉಳಿದೀತು. ಗಾಳಿಗೆ ತಾನೇ ಗಟ್ಟಿಯಾಗುವ ಎಣ್ಣೆ ಬೇಕು. ಅಂಥವುಗಳಲ್ಲಿ ಮೊದಲನೆಯದು ಅಗಸೆಯ ಎಣ್ಣೆ. ನೀರಿನ ಬಣ್ಣ ನೀರು ಆರಿದಾಗ ಒಣಗುತ್ತದೆ. ಅಗಸೆಯ ಎಣ್ಣೆ ಹಾಗೆ ಆರಿಹೋಗುವುದಿಲ್ಲ. ಗಾಳಿಯೊಳಗಿನ ಆಮ್ಲಜನಕವನ್ನು ಹೀರಿಕೊಂಡು ತಾನೇ ಒಂದು ತೆಳ್ಳನೆಯ ಪೊರೆಯಾಗಿ ಬಿಗಿಯುತ್ತದೆ. ಅದಕ್ಕೆ ದಿನಗಳು, ದಪ್ಪ ಬಳಿದಿದ್ದರೆ ತಿಂಗಳುಗಳೂ ಬೇಕು. ಆದರೆ ಅದು ವರುಷಗಳು ಕಳೆದಂತೆ ಹಳದಿಗೆ ತಿರುಗುವ ಗುಣವುಳ್ಳದ್ದು. ಆದ್ದರಿಂದ ಬಿಳಿಯ ಬಣ್ಣಕ್ಕೆ ಹಲವು ತಯಾರಕರು ಕುಸುಬೆಯ ಎಣ್ಣೆಯನ್ನು ಬಳಸುತ್ತಾರೆ. ಅದು ಒಣಗುವುದು ನಿಧಾನ, ಹಳದಿಯಾಗುವುದು ಕಡಿಮೆ.

ಅಗಸೆ ಮತ್ತು ಕುಸುಬೆ! ಇವೆರಡೂ ನಮ್ಮ ವಿಜಯಪುರ ಸೀಮೆಯ ಎರೆಹೊಲದ ಮಕ್ಕಳು. ಜೋಳದ ಸಾಲುಗಳ ನಡುವೆ ಅಕ್ಕಡಿಯಾಗಿ ಬಿತ್ತಿ ಬೆಳೆದು, ಒಂದರ ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ಇನ್ನೊಂದನ್ನು ಹುರಿದು ಕುಟ್ಟಿ ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಂಡು ಉಂಡವರು ನಾವು. ಯುರೋಪಿನ ದೊಡ್ಡ ಚಿತ್ರಕಾರರು ಯಾವ ಎಣ್ಣೆಯಲ್ಲಿ ತಮ್ಮ ಹೊಳೆಗಳನ್ನೂ ಗುಡ್ಡಗಳನ್ನೂ ಬರೆದರೋ ಆ ಎಣ್ಣೆ ನಮ್ಮ ಅಡುಗೆಮನೆಯ ಗಡಿಗೆಯಲ್ಲಿಯೇ ಇತ್ತು. ಇದನ್ನು ಮಾವನವರಿಗೆ ಹೇಳಿದರೆ ಅವರಿಗೇನೂ ಸೋಜಿಗವಾಗಲಿಲ್ಲ. ಹಣ ಸಾಲದ ದಿನಗಳಲ್ಲಿ ಗಾಣದಿಂದ ಅಗಸಿ ಎಣ್ಣೆ ತಂದು, ಬಿಸಿಲಿಗಿಟ್ಟು ತಿಳಿಯಾಗಿಸಿ, ಪುಡಿಬಣ್ಣವನ್ನು ಗಾಜಿನ ಹಲಗೆಯ ಮೇಲೆ ತಾವೇ ಅರೆದುಕೊಳ್ಳುತ್ತಿದ್ದರಂತೆ. ಮಾದರಪಾಟ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅಂಟು ಬಳಿದು, ಮೇಲೆ ಬಿಳಿಯ ಲೇಪ ಕೊಟ್ಟರೆ ಅದೇ ಕ್ಯಾನ್ವಾಸು. “ಕೆಳಗಿನ ಪದರಕ್ಕ ಎಣ್ಣಿ ಕಡಿಮಿ, ಮ್ಯಾಲಿಂದಕ್ಕ ಹೆಚ್ಚು. ಇದು ತಪ್ಪಿದರ ಚಿತ್ರ ಎರಿ ಬಿರದಂಗ ಬಿರೀತದ” ಎಂದು ಒಂದು ಹಳೆಯ ಹಲಗೆಯನ್ನು ತಂದು ತೋರಿಸಿದರು. ಅದರ ಮೇಲಿನ ನೀಲಿ ಆಕಾಶವು ಬೇಸಿಗೆಯ ಹೊಲದಂತೆ ಸೀಳಿತ್ತು.

ತೈಲವರ್ಣದ ನಾಡಿನ ಕುಂಚವೊಂದು ನಮ್ಮ ಸೀಮೆಗೆ ಬಂದು ನಾನೂರು ವರುಷಗಳಾದವೆಂಬುದು ಹಲವರಿಗೆ ತಿಳಿಯದು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಹಾಲೆಂಡ್ ದೇಶದ ಹಾರ್ಲೆಮ್ ಪಟ್ಟಣದ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರನಿದ್ದ. ಮೊದಲು ಪ್ರಾಗ್ ನಗರದಲ್ಲಿ ಸಾಮ್ರಾಟ ರುಡಾಲ್ಫನ ಆಶ್ರಯದಲ್ಲಿದ್ದು, ಎಲ್ಲೆಲ್ಲಿಯೋ ಅಲೆದು ವಿಜಯಪುರಕ್ಕೆ ಬಂದು ಇಲ್ಲಿಯೇ ನೆಲೆನಿಂತ. ಇದು ನಿಶ್ಚಯವಾಗಿ ಅವನದೇ ಎಂದು ತೋರಿಸಬಹುದಾದ ಚಿತ್ರವೊಂದೂ ಇಂದು ಇಲ್ಲಿ ಉಳಿದಿಲ್ಲ. ಕುಮಟಗಿಯ ನೀರಮಹಲಿನಲ್ಲಿ ಆ ಕಾಲದ ಭಿತ್ತಿಚಿತ್ರಗಳು ಮಾಸಿ ಕುಳಿತಿವೆ. ಮನುಷ್ಯರೂ ಕುದುರೆಗಳೂ ಅಲ್ಲಿ ಇನ್ನೂ ಅಲ್ಪಸ್ವಲ್ಪ ಕಾಣುತ್ತವೆ. ನಮ್ಮ ಹೊಲ, ಹೊಳೆಗಳು ಅರಮನೆಯ ಗೋಡೆಗೆ ಏರುವಷ್ಟು ದೊಡ್ಡವೆಂದು ಆಗಲೂ ಯಾರಿಗೂ ಅನಿಸಿರಲಾರದು.

ನಾನು ಮಾವನವರಿಗೆ ರುಮಾಲೆ ಚನ್ನಬಸವಯ್ಯನವರ ಮಾತು ತೆಗೆದೆ. ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಅವರ ಚಿತ್ರಗಳನ್ನು ಕಂಡ ನೆನಪು ನನ್ನಲ್ಲಿ ಇನ್ನೂ ಹಸಿಯಾಗಿದೆ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿ ಚಿತ್ರಕಲೆ ಕಲಿತರು. ಆದರೆ ಸ್ವಾತಂತ್ರ್ಯದ ಹೋರಾಟ ಕರೆಯಿತು. ಕುಂಚವನ್ನು ಕೆಳಗಿಟ್ಟು ಸೇವಾದಳ, ಸೆರೆಮನೆ, ಸಾರ್ವಜನಿಕ ಜೀವನವೆಂದು ಪ್ರಾಯವನ್ನೆಲ್ಲ ಅದಕ್ಕೆ ಕೊಟ್ಟರು. ಮತ್ತೆ ಕುಂಚ ಹಿಡಿದಾಗ ಐವತ್ತು ದಾಟಿತ್ತು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಅವರು ಬಿಟ್ಟೂಬಿಡದೆ ಬರೆದರು. ಮರದ ಮುಂದೆಯೇ ನಿಂತು ಮರವನ್ನು, ಬೆಟ್ಟದ ಮುಂದೆಯೇ ನಿಂತು ಬೆಟ್ಟವನ್ನು, ನೀರಿನ ದಂಡೆಗೇ ಕುಳಿತು ನೀರನ್ನು ಬರೆಯುವುದು ಅವರ ಪದ್ಧತಿ. ಜಲವರ್ಣ, ತೈಲವರ್ಣ ಎರಡರಲ್ಲಿಯೂ ಪಳಗಿದ ಕೈ. ಬೆಂಗಳೂರಿನ ಸಾಲುಮರಗಳು ಹೂಬಿಟ್ಟದ್ದನ್ನು ಅವರ ಚಿತ್ರದಲ್ಲಿ ನೋಡಬೇಕು. ಹಳದಿ, ಹಸಿರು, ನೇರಿಳೆ, ಕೆಂಪುಗಳು ಒಂದಕ್ಕೊಂದು ಹೆಗಲುಕೊಟ್ಟು ನಿಂತಿರುತ್ತವೆ. ಅದನ್ನು ನೋಡಿ ಹೊರಬಂದವನಿಗೆ ರಸ್ತೆಯ ಮರವೇ ಬೇರೆಯಾಗಿ ಕಾಣುತ್ತದೆ. ಕೆ. ವೆಂಕಟಪ್ಪನವರೂ ನಮ್ಮ ನಾಡಿನ ದೊಡ್ಡ ನಿಸರ್ಗ ಚಿತ್ರಕಾರರೇ. ಅವರ ಊಟಿಯ ಜಲವರ್ಣಗಳ ಮಂಜು, ತಿಳಿಬೆಳಕುಗಳ ಸೂಕ್ಷ್ಮ ಬೇರೆ ಯಾರಿಗೂ ಸಾಧ್ಯವಾಗಿಲ್ಲ. ಆದರೆ ನನ್ನ ಮನಸ್ಸು ಒಲಿಯುವುದು ರುಮಾಲೆಯವರ ಕಡೆಗೆ. ಬಿಸಿಲಿಗೆ ಹೆದರದ ಬಣ್ಣ ಅವರದು, ನಾವೂ ಬಿಸಿಲಿನ ಮಂದಿ.

ಹೊರಗೆ ಕುಳಿತು ಬರೆಯುವ ಈ ಪದ್ಧತಿಗೆ ಒಂದು ಸಣ್ಣ ವಸ್ತು ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. ಹಿಂದೆ ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಅದನ್ನು ಹೊತ್ತು ಹೊಳೆದಂಡೆಗೆ ಹೋಗುವುದು ಸುಲಭವಿರಲಿಲ್ಲ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಕೊಳವೆಯನ್ನು ಕಂಡುಹಿಡಿದ. ನಾವು ಹಲ್ಲುಜ್ಜಲು ಹಿಂಡುವ ಪೇಸ್ಟಿನ ಟ್ಯೂಬಿನಂಥದೇ ಅದು. ಆಮೇಲೆ ಫ್ರಾನ್ಸಿನ ಮೊನೆ ಮೊದಲಾದವರು ಬಣ್ಣದ ಪೆಟ್ಟಿಗೆಯನ್ನು ಹೊತ್ತು ಸೇನ್ ನದಿಯ ದಂಡೆಗೆ ನಡೆದರು. ಒಂದೇ ಹುಲ್ಲಿನ ಬಣವೆಯನ್ನು ಬೆಳಗಿಗೊಂದು ಬಗೆ, ಸಂಜೆಗೊಂದು ಬಗೆಯಾಗಿ ಮತ್ತೆ ಮತ್ತೆ ಬರೆದರು. ಬಣವೆ! ನಮ್ಮ ಹಿತ್ತಲಿನಲ್ಲಿ ಇಲ್ಲದ್ದೇನೂ ಅಲ್ಲ.

ಮಾವನವರು ಎಲ್ಲವನ್ನೂ ಸುಮ್ಮನೆ ಕೇಳಿದರು. ಬಹಳ ಹೊತ್ತಿನ ಮೇಲೆ “ಐವತ್ತು ದಾಟಿದ ಮ್ಯಾಲ ಸುರು ಮಾಡಿದ್ರಂತೇನು?” ಎಂದು ಒಂದೇ ಪ್ರಶ್ನೆ ಕೇಳಿ ಮಲಗಲು ಹೋದರು.

ಮರುದಿನ ಬೆಳಿಗ್ಗೆ ಕಾಳಿನ ಚೀಲಗಳನ್ನು ಸರಿಸುತ್ತಿದ್ದಾಗ, ಅವುಗಳ ಹಿಂದೆ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದ ಒಂದು ಕ್ಯಾನ್ವಾಸು ನನ್ನ ಕಣ್ಣಿಗೆ ಬಿತ್ತು. ತಿರುಗಿಸಿದೆ. ಸುಮಾರು ಎರಡು ಮೊಳ ಅಗಲದ ಚಿತ್ರ. ತುಂಬ ಕಂದು ಬಣ್ಣದ ನೀರು, ನೀರೊಳಗೆ ತುದಿ ಮಾತ್ರ ಕಾಣುವ ಒಂದು ಬೇವಿನ ಮರ, ದೂರದಲ್ಲಿ ಕವಿದ ಬೂದಿಬಣ್ಣದ ಮುಗಿಲು. ಆ ಬೇವನ್ನು ನಾನು ಬಲ್ಲೆ. ಅದು ನಮ್ಮ ಅಜ್ಜನ ಹೊಲದ ಬೇವು.

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆ, ಜಲಾಶಯಗಳಿಂದ ಬಿಟ್ಟ ನೀರು ಎರಡೂ ಕೂಡಿ ಭೀಮೆ ದಂಡೆ ಮೀರಿದ ಸಂಗತಿ ಓದುಗರಿಗೆ ನೆನಪಿದ್ದೀತು. ಇಂಡಿ, ಸಿಂದಗಿ, ಅಫಜಲಪುರ ಸೀಮೆಯ ಹೊಳೆದಂಡೆಯ ಹಳ್ಳಿಗಳು ಆಗ ಪಟ್ಟ ಪಾಡು ಸಣ್ಣದಲ್ಲ. ನಮ್ಮವರ ತೊಗರಿ, ಕಬ್ಬು ಎರಡೂ ಹೋದವು. ನೀರಿಳಿದ ಮೇಲೆ ಮಾವನವರು ಯಾರೂ ಕೇಳದೆ, ಯಾವ ಗಿರಾಕಿಯೂ ಇಲ್ಲದೆ ಬರೆದ ಚಿತ್ರ ಅದೊಂದೇ. ಪಡಸಾಲೆಯಲ್ಲಿ ತೂಗುಹಾಕಿದ ದಿನವೇ ಅತ್ತೆ ಅದನ್ನು ಇಳಿಸಿದರಂತೆ.

“ಕಣ್ಣೀಲೆ ಕಂಡೀನಿ, ಮತ್ತ ಗ್ವಾಡಿಗಿ ಯಾಕ?” ಎಂದರು ಅತ್ತೆ, ನಾನು ಕೇಳಿದಾಗ. “ಆ ಬೆಳ್ಳನ ಗುಡ್ಡ ನೋಡಿದರ ಕಣ್ಣಿಗಿ ತಂಪು ಆಗತೈತಿ. ಇದನ್ನ ನೋಡಿದರ ತೊಗರಿ ನೆನಪ ಆಗತೈತಿ.”

ನನಗೆ ಉತ್ತರ ಹೊಳೆಯಲಿಲ್ಲ. ಸೀನರಿಗಳನ್ನು ನೋಡಿ ಒಳಗೊಳಗೇ ನಕ್ಕವಳು ನಾನು. ದಿನವಿಡೀ ಕರಿನೆಲದ ಬಿಸಿಲಿನಲ್ಲಿ ಬೆಂದು ಬಂದ ಮನುಷ್ಯನಿಗೆ ಗೋಡೆಯ ಮೇಲಿನ ಹಿಮ ಏನಾಗಿರುತ್ತದೆಂಬುದನ್ನು ನಗರದಲ್ಲಿ ಕುಳಿತ ನಾನು ಎಣಿಸಿರಲಿಲ್ಲ. ಆದರೂ ಆ ಕಂದು ಚಿತ್ರದಿಂದ ಕಣ್ಣು ಕೀಳುವುದು ನನಗೆ ಕಠಿಣವಾಯಿತು. ಮಾವನವರ ಅಷ್ಟೂ ನೀಲಿ ಹೊಳೆಗಳಲ್ಲಿ ಇಲ್ಲದ ಒಂದು ತೂಕ ಆ ನೀರಿಗಿತ್ತು.

ಎಳ್ಳಮಾವಾಸ್ಯೆಯ ದಿನ ಗಾಡಿ ಹೂಡುವ ಕಾಲ ಹೋಗಿ ಟ್ರ್ಯಾಕ್ಟರಿನ ಕಾಲ ಬಂದಿದೆಯಾದರೂ ಬುತ್ತಿಯಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ. ಎಲ್ಲವನ್ನೂ ಬುಟ್ಟಿಗಳಲ್ಲಿ ತುಂಬಿ, ಮೇಲೆ ಬಿಳಿಯ ವಸ್ತ್ರ ಹೊದಿಸಿ ಹೊರಟೆವು. ಮಾವನವರ ಕಂಕುಳಲ್ಲಿ ಬಣ್ಣದ ಪೆಟ್ಟಿಗೆ, ಒಂದು ಗೇಣಗಲದ ಹಲಗೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ.

ಹೊಲದಲ್ಲಿ ಬನ್ನಿಯ ಗಿಡದ ಕೆಳಗೆ ಪೂಜೆಯಾಗಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಬರುವಷ್ಟರಲ್ಲಿ ಬಿಸಿಲು ಎಳೆಯದಿತ್ತು. ಬದುವಿನುದ್ದಕ್ಕೆ ಕುಸುಬೆ ಹೂಬಿಡಲು ತೊಡಗಿತ್ತು. ಅರಳಿದಾಗ ಹಳದಿ, ಬಾಡುತ್ತ ಬಂದಂತೆ ಕೇಸರಿ, ಆಮೇಲೆ ಕೆಂಪು: ಒಂದೇ ಗಿಡದಲ್ಲಿ ಮೂರೂ ಬಣ್ಣ. ಎರಡು ಸಾಲು ಅಗಸೆ ಇತ್ತು. ಕಬ್ಬು ಬಂದ ಮೇಲೆ ಅಗಸೆ ಬಿತ್ತುವವರು ಕಡಿಮೆಯಾಗಿದ್ದಾರೆ. ಅತ್ತೆ ಹಿಂಡಿಗೆಂದು ಹಟದಿಂದ ಹಾಕಿಸುತ್ತಾರೆ. ಅದರ ಹೂವು ನೀಲಿ, ಬಹಳ ಎಳೆಯ ನೀಲಿ. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಎಸಳು ಉದುರಿಸಿಬಿಡುತ್ತದೆ. ಮಾವನವರು ಬಗ್ಗಿ ಒಂದು ಹೂವನ್ನು ಬೆರಳ ಮೇಲೆ ಹಿಡಿದು ನೋಡಿದರು. ಇಷ್ಟು ವರುಷ ಅದರ ಎಣ್ಣೆಯಲ್ಲಿ ನೀಲಿಯನ್ನು ಅರೆದವರು!

ಹೊಲದ ಕೆಳಗೆ ಭೀಮೆ. ಪುಣೆ ಜಿಲ್ಲೆಯಲ್ಲಿ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಬಾಗಿ ಹರಿದು ಚಂದ್ರಭಾಗೆಯೆನಿಸಿ, ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಕೊಂಡು, 861 ಕಿಲೋಮೀಟರು ಸಾಗಿ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವ ಹೊಳೆ. 1980ರಲ್ಲಿ ಮೇಲೆ ಉಜನಿಯ ಅಣೆಕಟ್ಟು ಆದಂದಿನಿಂದ ಈ ಕೆಳಗಿನ ದಂಡೆಯವರ ಪಾಲಿಗೆ ಅದು ಮುಗಿಲು ನೋಡಿ ಬರುವ ಹೊಳೆಯಾಗಿ ಉಳಿದಿಲ್ಲ, ಬಿಟ್ಟಾಗ ಬರುವ ಹೊಳೆಯಾಗಿದೆ. ಅಂದು ಬಾಂದಾರದ ಹಿನ್ನೀರು ನಿಂತು ಹೊಳೆ ಶಾಂತವಾಗಿತ್ತು.

ಮಾವನವರು ದಂಡೆಯ ಮೇಲೆ ಕುಳಿತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಏನನ್ನೂ ಬರೆಯಲಿಲ್ಲ. ಆಮೇಲೆ ನನಗೆ ಹೇಳತೊಡಗಿದರು, ಶಾಲೆಯ ಮಕ್ಕಳಿಗೆ ಹೇಳುವಂತೆ. ದೂರದ ನೀರು ಮುಗಿಲನ್ನು ತೋರಿಸುತ್ತದೆ, ಕಾಲಬುಡದ ನೀರು ತಳವನ್ನು ತೋರಿಸುತ್ತದೆ. ಆದ್ದರಿಂದ ಒಂದೇ ಹೊಳೆ ಅಲ್ಲಿ ಬೆಳ್ಳಗೆ, ನಡುವೆ ಹಸುರಾಗಿ, ಇಲ್ಲಿ ಚಹಾದ ಬಣ್ಣವಾಗಿ ಕಾಣುವುದು. ಆಚೆಯ ದಂಡೆಯ ನೆರಳಿನಲ್ಲಿ ನೇರಿಳೆಯಿದೆ. ಒದ್ದೆಯ ಎರೆಮಣ್ಣು ಕಪ್ಪಲ್ಲ, ಅದರಲ್ಲಿ ನೀಲಿಯ ಹೊಳಪು ಇದೆ, ಒಣಗಿದ್ದು ಬೂದಿ. “ಬಣ್ಣ ಇಲ್ಲ ಅಂದಿದ್ನಲ್ಲ, ಸುಳ್ಳು ಅಂದೆ” ಎಂದರು.

ಮತ್ತೆ ಸ್ವಲ್ಪ ಹೊತ್ತಿಗೆ, ಕುಂಚವನ್ನು ಟರ್ಪೆಂಟೈನಿನಲ್ಲಿ ಅಲ್ಲಾಡಿಸುತ್ತ: “ಮಳಿಗಾಲದ ರಾಡಿ ಅಂತೀವಲ್ಲ, ಅದು ಏನು ಗೊತ್ತೇನು? ಮ್ಯಾಲಿನ ಗುಡ್ಡ. ಗುಡ್ಡ ಸವದು ಸವದು ಮಣ್ಣಾಗಿ ಹೊಳ್ಯಾಗ ಬರತೈತಿ. ನಾ ಗುಡ್ಡಾ ಹಿಂದ ಬರದು ಹೊಳಿ ಮುಂದ ಬರಕೋತ ಬಂದೆ. ಇಲ್ಲಿ ಎರಡೂ ಕೂಡೇ ಹರೀತಾವು.”

ಅವರು ಬರೆಯುತ್ತಿದ್ದಾಗ ಅತ್ತೆ ಊಟಕ್ಕೆ ಕರೆಯಲು ಬಂದು ಹಿಂದೆ ನಿಂತರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಒಮ್ಮೆ ಹೊಳೆಯನ್ನೂ ಒಮ್ಮೆ ಹಲಗೆಯನ್ನೂ ನೋಡಿದರು. ಐವತ್ತು ವರುಷ ಆ ನೀರಿನಲ್ಲಿ ಬಟ್ಟೆ ಒಗೆದವರು, ಸಂಕ್ರಮಣಕ್ಕೆ ಎಳ್ಳು ಹಚ್ಚಿಕೊಂಡು ಮಿಂದವರು.

“ಆ ಕಡಿ ದಂಡಿ ಅಷ್ಟು ಕೆಂಪ ಇಲ್ಲ” ಎಂದರು. “ಅಲ್ಲಿ ಜೋಳ ಹಳದಿ ತಿರಗೇದ. ಮತ್ತ ನಡಬರಕ ನೀರು ಇಷ್ಟು ಸುಮ್ಮನ ಇರೂದಿಲ್ಲ, ಅಲ್ಲಿ ಮಡುವು ಐತಿ, ಸೆಳವು ಇರತೈತಿ.”

ಮಾವನವರು ಮಾತಾಡದೆ ಕುಂಚದ ತುದಿಗೆ ಹಳದಿ ತೆಗೆದುಕೊಂಡು ಆಚೆಯ ದಂಡೆಗೆ ಮುಟ್ಟಿಸಿದರು. ಮಡುವಿನ ಬಳಿ ನೀರು ಸುತ್ತುವ ಗೆರೆಗಳನ್ನು ಎಳೆದರು. ಅತ್ತೆ “ಹಾಂ” ಎಂದು, “ರೊಟ್ಟಿ ಆರತಾವು, ಏಳ್ರಿ” ಎಂದರು.

ಹಸಿಯ ತೈಲಚಿತ್ರವನ್ನು ಟ್ರ್ಯಾಕ್ಟರಿನಲ್ಲಿ ಊರಿಗೆ ತರುವುದೆಂದರೆ ಒಂದು ಪ್ರಯಾಸ. ನಮ್ಮ ದಾರಿಯ ಧೂಳು ಹೂವಿಗೆ ಬರುವ ಜೇನಿನಂತೆ ಅದಕ್ಕೆ ಮುತ್ತುತ್ತದೆ. ಬುತ್ತಿಯ ಬರಿದಾದ ಬುಟ್ಟಿಯಲ್ಲಿ ಹಲಗೆಯನ್ನು ಮಲಗಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ, ಅತ್ತೆಯೇ ಮಡಿಲಲ್ಲಿಟ್ಟುಕೊಂಡು ಕುಳಿತರು.

ನಾಲ್ಕನೆಯ ದಿನ ನಾನು ಹೊರಡುವಾಗ ಹಲಗೆ ದೇವರಮನೆಯ ಪಕ್ಕದ ಗೂಡಿನಲ್ಲಿತ್ತು. ಮೂಲೆಯಲ್ಲಿ ಬೆರಳಿಟ್ಟು ನೋಡಿದೆ. ಬಿಳಿಯಿದ್ದ ಕಡೆ ಇನ್ನೂ ಅಂಟುತ್ತಿತ್ತು. ಪಡಸಾಲೆಯ ಹಿಮದ ಗುಡ್ಡಗಳು ತಮ್ಮ ಮೊಳೆಗಳಲ್ಲಿಯೇ ಇದ್ದವು. ಚೀಲ ಎತ್ತಿಕೊಳ್ಳಲು ಒಳಗೆ ಹೋದಾಗ ಕಾಳಿನ ಮೂಟೆಗಳ ಹಿಂದಿನ ಆ ದೊಡ್ಡ ಕ್ಯಾನ್ವಾಸನ್ನೂ ಕಂಡೆ. ಅದು ಮೊದಲಿನಂತೆಯೇ ಗೋಡೆಗೆ ಮುಖಮಾಡಿ ನಿಂತಿತ್ತು. ಆದರೆ ಅದರ ಚೌಕಟ್ಟಿನ ಮೇಲಿನ ಧೂಳನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು.